ಆನೆಗೆ 76 ಪಾಯಿಂಟು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. "ಎಲ್ರೀ ನಾಪತ್ತೆ?" ಅಂತ ಒಂದಿಬ್ಬರು ಕೇಳಿದರು ಕೂಡ. ನಾಪತ್ತೆ ಏನಿಲ್ಲ, ಭಾನುವಾರಗಳನ್ನೆಲ್ಲ ರಾಕ್ಷಸರನ್ನು ಸಾಕುವುದರಲ್ಲಿ ಕಳೆಯುತ್ತಿದ್ದೆ, ಅಷ್ಟೆ :)

ಹೌದು, ರಾಕ್ಷಸರನ್ನೇ. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ನಮ್ಮ ಮನೆಯ ಮೇಜಿನ ಸುತ್ತ ನಾಲ್ಕೈದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ಇದು ಕಂಪ್ಯೂಟರ್ ಆಟ ಅಲ್ಲ. ಪೆನ್ಸಿಲು, ಹಾಳೆ, ಇಪ್ಪತ್ತು ಮುಖದ ದಾಳ, ಇಷ್ಟೇ ಸಾಮಾನು. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಡಂಜನ್ ಮಾಸ್ಟರ್ ಅಥವಾ ಡಿಎಂ ಅಂತ ಹೆಸರು. ಉಳಿದವರದ್ದು ಒಂದೊಂದು ಪಾತ್ರ. "ಗುಹೆಯ ಬಾಯಿಗೆ ಬಂದಿದ್ದೀರಿ, ಒಳಗಿಂದ ಏನೋ ಗುರ್ ಅಂತಿದೆ, ಏನ್ ಮಾಡ್ತೀರಿ?" ಅಂತ ಡಿಎಂ ಕೇಳುತ್ತಾನೆ. ಏನು ಮಾಡ್ತೀವಿ ಅಂತ ಅವರು ಹೇಳುತ್ತಾರೆ. ಅದು ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಹೊರತಂದ ಆಟ ಇದು. ನಮ್ಮ ಮನೆಯಲ್ಲಿ ಡಿಎಂ ನಾನೇ. ಅಂದರೆ ಗುಹೆಯೊಳಗೆ ಗುರ್ ಅನ್ನುತ್ತಿರುವುದು ಯಾವುದು ಅಂತ ತೀರ್ಮಾನಿಸುವ ಜವಾಬ್ದಾರಿ ನನ್ನದು.

ಆ ಜವಾಬ್ದಾರಿಯನ್ನು ಇಷ್ಟು ವರ್ಷ ಸರಿಯಾಗಿ ನಿಭಾಯಿಸಿಲ್ಲ ಅಂತ ಮೊನ್ನೆ ಬೇಸಿಗೆ ರಜೆಯಲ್ಲಿ ಗೊತ್ತಾಯ್ತು. ಅದನ್ನೇ ಬರೆಯೋಣ ಅಂತ ಕೂತೆ.

ಸಕಲೇಶಪುರದ ಕಡೆಯಿಂದ ಅಕ್ಕನ ಮಗ ಬಂದಿದ್ದ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗ. ಅಕ್ಕ ಭಾವನದ್ದು ಅಲ್ಲಿ ಸಣ್ಣ ಕಾಫಿ ತೋಟ. ಇವನನ್ನೂ ಆಟಕ್ಕೆ ಕೂರಿಸಿಕೊಂಡೆವು. ಅವತ್ತು ನಾನು ಹೆಚ್ಚೇನೂ ತಯಾರಿ ಮಾಡಿಕೊಂಡಿರಲಿಲ್ಲ. "ಕಾಡಿನ ದಾರಿಯಲ್ಲಿ ಒಂದು ಆನೆ ಅಡ್ಡ ಬಂತು" ಅಂದೆ. ಪುಸ್ತಕ ತೆಗೆದು ಆನೆಯ ಪುಟ ನೋಡಿದೆ. ಹಿಟ್ ಪಾಯಿಂಟ್ 76. ಅಂದರೆ ಏಟು ಬಿದ್ದಂತೆಲ್ಲ ಕಳೆಯುತ್ತಾ ಹೋಗಬೇಕಾದ ಪ್ರಾಣದ ಲೆಕ್ಕ. ಇಪ್ಪತ್ತು ಅಡಿ ನೇರ ಓಡಿಬಂದು ದಂತದಲ್ಲಿ ತಿವಿದರೆ ಎದುರಿದ್ದವನು ಬೀಳಬಹುದು, ಬಿದ್ದವನನ್ನು ತುಳಿಯಬಹುದು. ಇಷ್ಟು ಸಾಕಲ್ಲ ಅಂದುಕೊಂಡೆ.

ಉಳಿದವರು ಕತ್ತಿ, ಬಾಣ, ಬೆಂಕಿ ಮಂತ್ರ ಅಂತ ಶುರು ಹಚ್ಚಿಕೊಂಡರು. ಆನೆ 41ಕ್ಕೆ ಇಳಿಯಿತು. 19ಕ್ಕೆ ಇಳಿಯಿತು. ಅಕ್ಕನ ಮಗನ ಸರದಿ ಬಂತು. ದಾಳ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಾನೆ.

"ಮಾಮ, ಆನೆ ಹಿಂಗೆಲ್ಲ ಮಾಡಲ್ಲ."

"ಇದು ಆಟ ಕಣೋ, ಹಾಕು ದಾಳ."

"ಇಲ್ಲ ಮಾಮ. ಇಷ್ಟೊತ್ತಿಗೆ ಅದು ಹೋಗಿರ್ತಿತ್ತು. ಇಲ್ಲಾಂದ್ರೆ ನಾವ್ ಯಾರೂ ಇರ್ತಿರ್ಲಿಲ್ಲ."

ಅಷ್ಟು ಹೇಳಿ ದಾಳ ಮೇಜಿನ ಮೇಲಿಟ್ಟು ಎದ್ದು ಬಾಲ್ಕನಿಗೆ ಹೋದ. ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಆನೆ 19 ಪಾಯಿಂಟು ಇಟ್ಟುಕೊಂಡು ಅಲ್ಲೇ ನಿಂತಿತ್ತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದಾಗ ಗೊತ್ತಾಯ್ತು. ಎರಡು ವರ್ಷದ ಹಿಂದೆ ಅವರ ತೋಟದ ಕೆಲಸದವರೊಬ್ಬರು ಬೆಳಗಿನ ಜಾವ ಲೈನ್ ಮನೆಯಿಂದ ಹೊರಗೆ ಬಂದವರು ಆನೆಗೆ ಸಿಕ್ಕಿ ತೀರಿಕೊಂಡಿದ್ದರು. ಇವನನ್ನು ಚಿಕ್ಕವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತೋಟ ತಿರುಗಿಸಿದ ಮನುಷ್ಯ. ಆಮೇಲೆ ಒಂದು ಸಲಗವನ್ನು ಹಿಡಿದು ಲಾರಿಯಲ್ಲಿ ಸಾಗಿಸಿದರಂತೆ. ಅದೇ ಆನೆಯೋ ಬೇರೆಯೋ, ಊರಲ್ಲಿ ಇವತ್ತಿಗೂ ಎರಡು ಮಾತಿದೆ. "ಅವನು ಎರಡಕ್ಕೂ ಅತ್ತಿದ್ದ ಕಣೋ" ಅಂದಳು ಅಕ್ಕ.

ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಎದ್ದು ರಾಕ್ಷಸರ ಪುಸ್ತಕ ತೆಗೆದೆ.

ಪುಸ್ತಕದ ಹೆಸರು ಮಾನ್‌ಸ್ಟರ್ ಮ್ಯಾನುಯಲ್. ಮೊದಲ ಸಲ ಬಂದದ್ದು 1977ರಲ್ಲಿ. ನಮ್ಮ ಮನೆಯಲ್ಲಿರುವುದು 2014ರ ಆವೃತ್ತಿ (2025ರಲ್ಲಿ ಹೊಸದು ಬಂದಿದೆ, ಹಳೆಯದಕ್ಕೆ ಕೊಟ್ಟ ದುಡ್ಡು ಇನ್ನೂ ಹೊಟ್ಟೆ ಉರಿಸುತ್ತಿರುವುದರಿಂದ ತೆಗೆದುಕೊಂಡಿಲ್ಲ). ಇದರಲ್ಲಿ ಡ್ರ್ಯಾಗನ್ನು, ದೆವ್ವ, ಭೂತ ಎಲ್ಲಕ್ಕೂ ಬಣ್ಣದ ಚಿತ್ರ, ಒಂದೆರಡು ಪುಟದ ಕಥೆ. ಎಲ್ಲಿರುತ್ತೆ, ಏನು ತಿನ್ನುತ್ತೆ, ಯಾಕೆ ಸಿಟ್ಟು, ಯಾರ ಜತೆ ದ್ವೇಷ. ನಿಜವಾದ ಪ್ರಾಣಿಗಳಲ್ಲಿ ಹೆಚ್ಚಿನವು ಎಲ್ಲಿವೆ ಗೊತ್ತಾ? ಹಿಂದುಗಡೆ ಅನುಬಂಧದಲ್ಲಿ. ಹುಲಿ, ಸಿಂಹ, ಆನೆ, ಹೇಸರಗತ್ತೆ, ಬೆಕ್ಕು, ಕಪ್ಪೆ ಎಲ್ಲ ಸಾಲಾಗಿ, ರೈಲ್ವೆ ಟೈಮ್ ಟೇಬಲ್ ಥರ. ಹುಲಿಗೆ 37 ಪಾಯಿಂಟು, ಸಿಂಹಕ್ಕೆ 26, ಆನೆಗೆ 76. ಬುದ್ಧಿಗೂ ಒಂದು ಅಂಕ ಇದೆ. ಆನೆಗೆ 3. ಬೆಕ್ಕಿಗೂ 3!

ಬೆಕ್ಕಿನ ವಿಷಯ ಬಂದಾಗ ಈ ಆಟ ಆಡುವವರು ತಲೆತಲಾಂತರದಿಂದ ಹೇಳುವ ಒಂದು ಜೋಕ್ ಇದೆ. ಬೆಕ್ಕು ಒಂದು ಸಲ ಪರಚಿದರೆ 1 ಪಾಯಿಂಟು ಹೋಗುತ್ತೆ. ಸಾಮಾನ್ಯ ಮನುಷ್ಯನಿಗಿರುವುದು 4 ಪಾಯಿಂಟು. ಅಂದರೆ ನಾಲ್ಕು ಸಲ ಪರಚಿಸಿಕೊಂಡರೆ ಮನುಷ್ಯ ಖಲಾಸ್. ನಮ್ಮಜ್ಜಿ ಎಷ್ಟು ಸಲ ಸತ್ತಿರಬೇಕು ಲೆಕ್ಕ ಹಾಕಿ.

ಯಾಕೆ ಹೀಗೆ? ಈ ಆಟ ಹುಟ್ಟಿದ್ದು ಯುದ್ಧದ ಆಟದಿಂದ. ಸಣ್ಣ ಸಣ್ಣ ಸಿಪಾಯಿ ಬೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಕದನ ಆಡುತ್ತಿದ್ದವರು ಗೈಗ್ಯಾಕ್ಸ್ ಮತ್ತವರ ಗೆಳೆಯರು. 1971ರಲ್ಲಿ ಅಂಥದ್ದಕ್ಕೆ ಚೈನ್‌ಮೇಲ್ ಅನ್ನುವ ನಿಯಮ ಪುಸ್ತಕವೂ ಬಂದಿತ್ತು. ಸಿಪಾಯಿಗೆ ಬೇಕಾದದ್ದು ಎಷ್ಟು ಏಟು ತಡೆಯುತ್ತಾನೆ, ಎಷ್ಟು ಏಟು ಕೊಡುತ್ತಾನೆ ಅನ್ನುವ ಲೆಕ್ಕ. ಪ್ರಾಣಿಯನ್ನೂ ಅದೇ ತಕ್ಕಡಿಗೆ ಹಾಕಿದರು. ಹುಲಿ ಪಟ್ಟೆಯಿರುವ ಸಿಪಾಯಿ ಆಯ್ತು, ಆನೆ ದಪ್ಪ ಸಿಪಾಯಿ ಆಯ್ತು.

ಇಲ್ಲಿಗೆ ಬಿಟ್ಟಿದ್ದರೆ ನನಗೆ ತಕರಾರಿರಲಿಲ್ಲ. ತಮಾಷೆ ಏನಂದ್ರೆ, ಅದೇ ಜನ ಇನ್ನೊಂದು ಕೆಲಸ ಮಾಡಿದ್ದಾರೆ. ಆಗ ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ಸಿಗುತ್ತಿತ್ತು. ಡೈನೋಸಾರ್ ಅಂತ ಹೆಸರು, ಆದರೆ ಒಂದೂ ಡೈನೋಸಾರ್ ಥರ ಇರಲಿಲ್ಲ. ನಮ್ಮ ಜಾತ್ರೆಗಳಲ್ಲಿ ಸಿಗುವ ಬೊಂಬೆಗಳ ಹಾಗೆ, ಕುದುರೆಯೋ ನಾಯಿಯೋ ಅಂತ ಕೊಂಡವರೇ ತೀರ್ಮಾನ ಮಾಡಬೇಕು. ಗೈಗ್ಯಾಕ್ಸ್ ಅಂಥದ್ದೊಂದು ಪೊಟ್ಟಣ ತಂದು ಆಟದ ಮೇಜಿಗೆ ಇಳಿಸಿದರು. ಅದರಿಂದ ಹುಟ್ಟಿದ ಮೂರು ರಾಕ್ಷಸರು ಇವತ್ತಿಗೂ ಈ ಆಟದ ಹೆಮ್ಮೆ: ಗೂಬೆ ತಲೆಯ ಕರಡಿ, ನೆಲದೊಳಗಿಂದ ಎದ್ದು ಬರುವ ಬ್ಯುಲೆಟ್, ಮತ್ತು ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್.

ಈ ಕೊನೆಯದನ್ನು ಸ್ವಲ್ಪ ನೋಡಿ. ಅದು ಮುಟ್ಟಿದ ಕಬ್ಬಿಣ ತುಕ್ಕು ಹಿಡಿದು ಪುಡಿಯಾಗುತ್ತೆ, ಆ ಪುಡಿಯನ್ನು ಅದು ತಿನ್ನುತ್ತೆ. ನಿಮ್ಮ ಮೇಲೆ ಅದಕ್ಕೆ ಯಾವ ದ್ವೇಷವೂ ಇಲ್ಲ, ಬೇಕಾಗಿರುವುದು ನಿಮ್ಮ ಕತ್ತಿ. ಎರಡು ಮೊಳೆ ಎಸೆದರೆ ಅದನ್ನು ತಿನ್ನುತ್ತಾ ನಿಲ್ಲುತ್ತೆ, ನೀವು ಓಡಬಹುದು. ಕಬ್ಬಿಣದ ಕವಚ ತೊಟ್ಟ ಮಹಾವೀರ ಅದನ್ನು ಕಂಡರೆ ಗಡಗಡ ನಡುಗುತ್ತಾನೆ, ಬರಿಮೈಯ ಸನ್ಯಾಸಿ ತಲೆ ಸವರಿ ಹೋಗುತ್ತಾನೆ. ಎಂಥಾ ಚೆಂದದ ಪ್ರಾಣಿ! ಯಾಕೆ ಚೆಂದ? ಅದಕ್ಕೊಂದು ಹಸಿವಿದೆ, ಅಭ್ಯಾಸ ಇದೆ, ಮಿತಿ ಇದೆ.

ನನ್ನ ತಕರಾರು ಇಷ್ಟೇ. ಪ್ಲಾಸ್ಟಿಕ್ ಬೊಂಬೆಗೆ ಸ್ವಭಾವ ಕೊಟ್ಟರು. ಕಾಡಿನ ಹುಲಿಗೆ, ಆನೆಗೆ ಅಂಕ ಮಾತ್ರ ಕೊಟ್ಟರು. ಸ್ವಭಾವ ಮೊದಲೇ ಇದ್ದದ್ದು ಈ ಎರಡನೆಯವಕ್ಕೆ!

ನಮ್ಮ 'ರಾಕ್ಷಸ'ನೂ ಆ 1977ರ ಪುಸ್ತಕದಲ್ಲೇ ಇದ್ದಾನೆ. ಹುಲಿ ತಲೆ, ಮೈಮೇಲೆ ನಿಲುವಂಗಿ, ಕೈಯಲ್ಲಿ ಹೊಗೆ ಸೇದುವ ಪೈಪು. ಪ್ರೇರಣೆ ರಾಮಾಯಣ ಅಲ್ಲ, 1974ರಲ್ಲಿ ಶುರುವಾದ ಕೋಲ್‌ಚಾಕ್ ಅನ್ನುವ ಅಮೆರಿಕನ್ ಟಿವಿ ಧಾರಾವಾಹಿಯ ಒಂದು ಕಂತು. ರಾವಣನಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಿದ್ದ. ಇರಲಿ. ಹುಲಿ ತಲೆ ಅಂಟಿಸಿಕೊಂಡ ಆ ಕಾಲ್ಪನಿಕ ಆಸಾಮಿಗೆ ಕಪಟ, ಬುದ್ಧಿ, ಮಾಯೆ ಎಲ್ಲ ಇದೆ. ಪೂರ್ತಿ ಹುಲಿಯಾಗಿರುವ ಹುಲಿಗೆ 37.

ಹುಲಿ ಅಂದಾಗ ಚಂಪಾವತಿಯ ಹೆಣ್ಣುಹುಲಿ ನೆನಪಾಗುತ್ತೆ. ನೇಪಾಳ ಮತ್ತು ಕುಮಾವೂ ಕಡೆ 436 ಜನರನ್ನು ಕೊಂದಿತು ಅಂತ ಲೆಕ್ಕ. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಹೊಡೆದ ಮೇಲೆ ಬಾಯಿ ತೆರೆದು ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಯಾವಾಗಲೋ ಬಿದ್ದ ಗುಂಡೇಟಿನಿಂದ. ಮಾಮೂಲು ಬೇಟೆ ಹಿಡಿಯಲಾಗದೆ ಮನುಷ್ಯರಿಗೆ ತಿರುಗಿತ್ತು ಅಂತ ಕಾರ್ಬೆಟ್ ತೀರ್ಮಾನ. ಈಗ ಆಟದ ಲೆಕ್ಕದಲ್ಲಿ ನೋಡಿ. ಹಲ್ಲು ಮುರಿದ ಹುಲಿಗೆ ಕಡಿತದ ಅಂಕ ಕಮ್ಮಿ ಆಗಬೇಕು, ಅಂದರೆ ಅದು ಸುಲಭದ ಶತ್ರು. ನಿಜದಲ್ಲಿ ಆ ಮುರಿದ ಹಲ್ಲೇ ಅದನ್ನು ಇಡೀ ಸೀಮೆ ನಡುಗಿಸುವ ಹುಲಿ ಮಾಡಿತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಪ್ರತಿ ನರಭಕ್ಷಕನ ಹಿಂದೆಯೂ 'ಯಾಕೆ' ಅನ್ನುವ ಹುಡುಕಾಟ ಇರುತ್ತೆ. ಆ 'ಯಾಕೆ'ಗೋಸ್ಕರವೇ ನಾವು ರಾತ್ರಿ ಎರಡು ಗಂಟೆಯವರೆಗೆ ಓದಿದ್ದು.

ಹಾಗಂತ ಈ ಆಟಕ್ಕೆ ಇದು ಯಾವತ್ತೂ ಹೊಳೆದೇ ಇರಲಿಲ್ಲ ಅಂದರೆ ತಪ್ಪಾಗುತ್ತೆ. 1981ರಲ್ಲಿ ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಬೇಸಿಕ್ ಪುಸ್ತಕದಲ್ಲಿ ಎರಡು ಸರಳ ನಿಯಮ ಇವೆ. ಒಂದು, ಪ್ರಾಣಿ ಎದುರಾದ ಕೂಡಲೇ ಎರಡು ದಾಳ ಉರುಳಿಸಿ ಅದರ ಮನಸ್ಸು ಏನು ಅಂತ ನೋಡಬೇಕು. 2 ಬಿದ್ದರೆ ನೇರ ಮೇಲೆ ಬೀಳುತ್ತೆ, 12 ಬಿದ್ದರೆ ಸ್ನೇಹ, ನಡುವೆ ಅನುಮಾನ, ಹಿಂಜರಿಕೆ. ಎರಡು, ಧೈರ್ಯದ ಅಂಕ. ಜಗಳ ಕೆಡುತ್ತಿದೆ ಅನ್ನಿಸಿದಾಗ ಮತ್ತೆ ದಾಳ, ಧೈರ್ಯ ಮೀರಿದರೆ ಓಟ. 2014ರ ಆವೃತ್ತಿಯಲ್ಲಿ ಧೈರ್ಯದ ನಿಯಮ ಬೇಕಾದರೆ ಬಳಸಿ ಅನ್ನುವ ಐಚ್ಛಿಕ ನಿಯಮವಾಗಿ ಇನ್ನೊಂದು ಪುಸ್ತಕದ ಮೂಲೆ ಸೇರಿದೆ. ನಾನು ಒಮ್ಮೆಯೂ ಬಳಸಿರಲಿಲ್ಲ. "ಇಷ್ಟೊತ್ತಿಗೆ ಅದು ಹೋಗಿರ್ತಿತ್ತು" ಅಂತ ಹುಡುಗ ಹೇಳಿದ್ದು ಅದೇ ನಿಯಮವನ್ನು. ಪುಸ್ತಕ ಓದದೆ.

ಡೈನೋಸಾರ್‌ಗಳ ಕಥೆ ಇನ್ನೊಂದು ಥರ. ಇವನ್ನು ನಾವ್ಯಾರೂ ನೋಡಿಲ್ಲ, ಸಿನಿಮಾ ನೋಡಿದ್ದೇವೆ. ಒಮ್ಮೆ ನಮ್ಮ ಮೇಜಿಗೆ ಟಿ ರೆಕ್ಸ್ ಬಂತು (136 ಪಾಯಿಂಟು). ತಕ್ಷಣ ಎಲ್ಲರೂ ಒಂದೇ ದನಿಯಲ್ಲಿ "ಅಲ್ಲಾಡಲ್ಲ, ಕಲ್ಲಿನ ಥರ ನಿಲ್ತೀವಿ" ಅಂದರು. 1993ರ ಜುರಾಸಿಕ್ ಪಾರ್ಕ್ ಪ್ರಭಾವ. ನಿಂತಿರುವುದು ಅದಕ್ಕೆ ಕಾಣಲ್ಲ ಅಂತ ಆ ಸಿನಿಮಾ ಹೇಳಿಕೊಟ್ಟಿತ್ತಲ್ಲ. ವಿಜ್ಞಾನಿಗಳು ಹೇಳುವುದು ಬೇರೆ. ಟಿ ರೆಕ್ಸ್‌ನ ಎರಡೂ ಕಣ್ಣು ಮುಂದಕ್ಕೆ ನೋಡುವಂಥವು, ದೃಷ್ಟಿ ಚೆನ್ನಾಗಿತ್ತು. ವಾಸನೆ ಹಿಡಿಯುವ ಮಿದುಳಿನ ಭಾಗವೂ ದೊಡ್ಡದು. "ಅದು ನಿಧಾನಕ್ಕೆ ನಿಮ್ಮ ಹತ್ತಿರ ಬಂದು, ತಲೆ ಬಗ್ಗಿಸಿ, ಮೂಸ್ತಾ ಇದೆ" ಅಂದೆ. ಮೇಜಿನ ಸುತ್ತ ಆಗ ಆದ ಮೌನ ಇದೆಯಲ್ಲ... ಹತ್ತು ಬೆಂಕಿ ಮಂತ್ರಕ್ಕೂ ಬಂದಿರಲಿಲ್ಲ. ವೆಲಾಸಿರ‍್ಯಾಪ್ಟರ್ ಕೂಡ ಹಾಗೇ. ನಿಜವಾದದ್ದು ಟರ್ಕಿ ಕೋಳಿ ಗಾತ್ರದ್ದು, ಮೈಮೇಲೆ ಗರಿ ಇತ್ತು. ಅದರ ಮುಂಗೈ ಮೂಳೆಯಲ್ಲಿ ಗರಿ ಅಂಟಿದ್ದ ಗುಬುಟುಗಳನ್ನು 2007ರಲ್ಲಿ ಗುರುತಿಸಿದರು. "ಅಯ್ಯೋ ಕೋಳಿನಾ" ಅಂತ ನಗುವವರು ಕತ್ತಲಲ್ಲಿ ಒಮ್ಮೆ ಹುಂಜದ ಕೈಲಿ ಕುಕ್ಕಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ನಮ್ಮ ದೇಶದಲ್ಲೇ ಬೇಕಾದಷ್ಟಿವೆ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ ಮೂಳೆಗಳಿಂದ 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಇದೆ, ಹಣೆಯ ಮೇಲೊಂದು ಗಿಡ್ಡ ಕೊಂಬು. 2024ರಲ್ಲಿ ಕಚ್ಛದ ಪಾನಂಧ್ರೋ ಕಲ್ಲಿದ್ದಲು ಗಣಿಯ ಹಾವಿನ ಬೆನ್ನುಮೂಳೆಗಳನ್ನು ನೋಡಿ ರೂರ್ಕಿ ಐಐಟಿಯವರು ಇಟ್ಟ ಹೆಸರು ವಾಸುಕಿ. ಉದ್ದ ಸುಮಾರು 11ರಿಂದ 15 ಮೀಟರ್ ಇರಬಹುದು ಅಂತ ಅಂದಾಜು. ಪೇಪರಿನಲ್ಲಿ ಓದಿದ ದಿನವೇ "200 ಪಾಯಿಂಟು ಕೊಟ್ಟು ಬಿಟ್ಟುಬಿಡೋಣ" ಅಂತ ಕೈ ತುರಿಸಿತು. ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ಮೇಜಿನ ಮೇಲೆ ಗೆದ್ದ ಹಾವು ಅದಲ್ಲ, ಮೂರೂವರೆ ಮೀಟರಿನ ಸನಾಜೆ. ಸುಮಾರು 6.7 ಕೋಟಿ ವರ್ಷ ಹಳೆಯದು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಿಕ್ಕ ಪಳೆಯುಳಿಕೆ, 2010ರಲ್ಲಿ ಪ್ರಕಟವಾಯಿತು. ಒಂದು ಡೈನೋಸಾರ್ ಗೂಡು. ಅದರಲ್ಲಿ ಒಡೆದ ಒಂದು ಮೊಟ್ಟೆ, ಅದರ ಸುತ್ತ ಸುರುಳಿ ಸುತ್ತಿದ ಹಾವು, ಪಕ್ಕದಲ್ಲೇ ಅರ್ಧ ಮೀಟರಿನಷ್ಟು ಉದ್ದದ ಡೈನೋಸಾರ್ ಮರಿಯ ಮೂಳೆಗಳು. ಮೂರೂ ಹಾಗ್ಹಾಗೇ ಮಣ್ಣಿನಡಿ ಸಿಕ್ಕಿಕೊಂಡು ಕಲ್ಲಾಗಿವೆ. ಈ ಹಾವಿಗೆ ಈಗಿನ ಹೆಬ್ಬಾವಿನ ಹಾಗೆ ಬಾಯಿ ಅಗಲಿಸಲು ಬರುತ್ತಿರಲಿಲ್ಲವಂತೆ. ಇಡೀ ಮೊಟ್ಟೆ ನುಂಗಲು ಆಗದು, ಮರಿಯನ್ನು ನುಂಗಬಹುದು. ಹಾಗಾಗಿ ಮೊಟ್ಟೆ ಒಡೆಯುವವರೆಗೆ ಅದು ಕಾಯಬೇಕು.

ಇದರಲ್ಲಿ ಒಂದು ಇಡೀ ಆಟ ಇದೆ ನೋಡಿ. ನನ್ನ ಕಥೆಯಲ್ಲಿ ಒಬ್ಬ ಮಂತ್ರವಾದಿಗೆ ಜೀವಂತ ಮರಿಯೊಂದು ಬೇಕಿತ್ತು. ಗೂಡು ಸಿಕ್ಕಿತು, ಮೊಟ್ಟೆ ಇನ್ನೂ ಒಡೆದಿಲ್ಲ. ಇವರೂ ಕಾಯಬೇಕು, ಹಾವೂ ಕಾಯುತ್ತಿದೆ. ಹಾವಿಗೆ ನಾನು ಕೊಟ್ಟದ್ದು ಬರೀ 20 ಪಾಯಿಂಟು. ಮನುಷ್ಯರನ್ನು ಅದು ತಿನ್ನಲಾರದು, ಅವರ ಕಡೆ ತಿರುಗಿಯೂ ನೋಡುವುದಿಲ್ಲ. ರಾತ್ರಿಯೆಲ್ಲ ದೀಪ ಹಚ್ಚಬೇಕೋ ಬೇಡವೋ ಅಂತ ಜಗಳ. ಮೊಟ್ಟೆಯೊಳಗಿಂದ ಟಕ್ ಅಂತ ಸದ್ದು ಬಂದಾಗ ಒಬ್ಬಳು ಆಟಗಾರ್ತಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಪಾಯಿಂಟು ಯಾರಿಗೆ ಬೇಕಿತ್ತು?

ವಿಷದ ಹಾವಿನದ್ದೂ ಹೇಳಿಬಿಡ್ತೀನಿ. ಪುಸ್ತಕದಲ್ಲಿ ವಿಷದ ಹಾವು ಕಚ್ಚಿದರೆ ಆ ಕ್ಷಣಕ್ಕೇ ನಾಲ್ಕೈದು ಪಾಯಿಂಟು ಕಳೆದು, ಅಲ್ಲಿಗೆ ಕಥೆ ಮುಗಿಯಿತು. ನಮ್ಮ ಕಟ್ಟುಹಾವು ಹಾಗಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತೆ, ಎಷ್ಟೋ ಸಲ ನೋವೂ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ. ಗಂಟೆಗಳು ಕಳೆದ ಮೇಲೆ ಕಣ್ಣರೆಪ್ಪೆ ಜೋತುಬೀಳುತ್ತೆ, ಆಮೇಲೆ ಉಸಿರಾಟಕ್ಕೇ ತೊಂದರೆ. ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸಾಯುತ್ತಿದ್ದಾರೆ ಅಂತ 2020ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಈ ಹಾವು ಕಳೆಯುವುದು ಪ್ರಾಣದ ಅಂಕವನ್ನಲ್ಲ, ಸಮಯವನ್ನು. ಅದಕ್ಕೇ ನಾನು ಹಾಳೆಯ ಮೇಲೆ ಆರು ಚೌಕ ಬರೆದೆ, ಒಂದು ಚೌಕ ಒಂದು ಗಂಟೆ. ಹೊಳೆ ದಾಟಬೇಕಾ, ಸುತ್ತು ಹಾಕಬೇಕಾ, ನಾಟಿ ಔಷಧಿಯವನ ಹತ್ತಿರ ಹೋಗಬೇಕಾ, ಮದ್ದು ಖಂಡಿತ ಸಿಗುವ ದೂರದ ಪಟ್ಟಣಕ್ಕೆ ಹೋಗಬೇಕಾ? ಪ್ರತಿ ತೀರ್ಮಾನಕ್ಕೂ ಒಂದೊಂದು ಚೌಕ ಹೊಡೆದುಹಾಕುತ್ತಿದ್ದೆ. ಯಾರ ಬಾಯಲ್ಲೂ ಜೋಕ್ ಬರಲಿಲ್ಲ.

ಈಗ ಒಂದು ವಾದ ಬರುತ್ತೆ ಅಂತ ಗೊತ್ತು, ಯಾಕಂದ್ರೆ ನಮ್ಮ ಗುಂಪಿನ ಗೆಳೆಯನೇ ಅದನ್ನು ಮಾಡಿದ. "ಗುರುವೇ, ವಾರವೆಲ್ಲ ಆಫೀಸಲ್ಲಿ ಬೈಸ್ಕೊಂಡು ಭಾನುವಾರ ಮೂರು ಗಂಟೆ ಯಾರನ್ನಾದ್ರೂ ಹೊಡೆಯೋಣ ಅಂತ ಬರ್ತೀನಿ. ನೀನು ಡಿಸ್ಕವರಿ ಚಾನೆಲ್ ಹಾಕಿದ್ರೆ ಹೆಂಗೆ?"

ನ್ಯಾಯವಾದ ಮಾತು. ಹೊಡೆಯಲು ಅಸ್ಥಿಪಂಜರ ಇದೆ, ದೆವ್ವ ಇದೆ, ಪ್ಲಾಸ್ಟಿಕ್ ಬೊಂಬೆಯಿಂದ ಹುಟ್ಟಿದವು ಇವೆ. ಮನಸೋ ಇಚ್ಛೆ ಹೊಡಿಯಪ್ಪ, ನಾನೂ ಜತೆಗಿರ್ತೀನಿ. ಅವುಗಳ ಊರಿನವರು ಯಾರೂ ನಮ್ಮ ಮೇಜಿಗೆ ಬಂದು ಕೂರುವುದಿಲ್ಲ. ಆನೆಯ ಊರಿನವರು ಬರುತ್ತಾರೆ. ಬಂದೇ ಬಂದರಲ್ಲ! ನಿಜವಾದ ಪ್ರಾಣಿಯ ಹೆಸರು ಎತ್ತಿದ ಮೇಲೆ ಅದರ ಜತೆ ಬದುಕುವವರ ಭಯವೂ, ಗೌರವವೂ ಬಂದೇ ಬರುತ್ತೆ. ಅದನ್ನು ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬಾ ಅನ್ನಲು ಆಗಲ್ಲ.

ಇನ್ನೊಬ್ಬನದು ಬೇರೆ ಪ್ರಶ್ನೆ: "ನಮ್ಮ ಪಾತ್ರಗಳು ಈಗ ಬಲಶಾಲಿಗಳು, ಮಾಮೂಲಿ ಹುಲಿ ಸಾಲಲ್ಲ, ದೊಡ್ಡದು ಮಾಡಲೇಬೇಕಲ್ವಾ?" ಹುಲಿಯನ್ನು ದೊಡ್ಡದು ಮಾಡುವ ಬದಲು ಕಷ್ಟವನ್ನು ದೊಡ್ಡದು ಮಾಡಬಹುದು ಅನ್ನುವುದು ನನ್ನ ಉತ್ತರ. ಹುಲಿಯನ್ನು ಕೊಲ್ಲದೆ ಅದರ ಸೀಮೆ ದಾಟಿ ಅಂದರೆ ಎಂಥ ಬಲಶಾಲಿಯೂ ಒದ್ದಾಡುತ್ತಾನೆ.

ಈಗ ನಾನು ಯಾವುದೇ ಪ್ರಾಣಿಯನ್ನು ಆಟಕ್ಕೆ ತರುವ ಮೊದಲು ಪಾಯಿಂಟು ಬರೆಯದೆ ನಾಲ್ಕು ಪ್ರಶ್ನೆ ಬರೆದುಕೊಳ್ಳುತ್ತೇನೆ.

1. ಇದಕ್ಕೆ ಈಗ ಏನು ಬೇಕು? (ಹಸಿವೋ, ಮರಿಯೋ, ಜಾಗವೋ, ಬರೀ ಸುಮ್ಮನಿರುವುದೋ)
2. ನಾವು ಇಲ್ಲಿದ್ದೀವಿ ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ? (ಕಣ್ಣೋ, ಕಿವಿಯೋ, ಮೂಗೋ, ನೆಲದ ಅದುರೋ)
3. ಇದು ಯಾವಾಗ ಬಿಟ್ಟು ಹೋಗುತ್ತೆ?
4. ಇದರ ಕೈಲಿ ಏನು ಆಗಲ್ಲ?

ನಾಲ್ಕನೆಯದು ಅತಿ ಮುಖ್ಯ. ಸನಾಜೆ ಇಷ್ಟವಾದದ್ದು ಅದರ ಬಾಯಿ ಅಗಲ ಆಗದಿದ್ದಕ್ಕೆ.

ಹುಡುಗನ ವಿಷಯಕ್ಕೆ ವಾಪಸ್ ಬರ್ತೀನಿ. ಮುಂದಿನ ಭಾನುವಾರ ಅವನು ಊರಿಗೆ ಹೊರಡುವ ಹಿಂದಿನ ದಿನ. "ಇವತ್ತು ಆನೆ ನೀನು ನಡೆಸ್ತೀಯಾ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ "ಹೂಂ" ಅಂದ. ಪುಸ್ತಕ ಕೊಡಲು ಹೋದೆ, ಬೇಡ ಅಂದ.

ಮೊದಲ ಪ್ರಶ್ನೆ: "ಗಾಳಿ ಯಾವ ಕಡೆಯಿಂದ ಬೀಸ್ತಿದೆ?" ಹತ್ತು ವರ್ಷದಿಂದ ಆಡಿಸುತ್ತಿದ್ದೇನೆ, ಒಬ್ಬರೂ ಇದನ್ನು ಕೇಳಿರಲಿಲ್ಲ. ಎರಡನೆಯದು: "ನಿಮ್ಮ ಚೀಲದಲ್ಲಿ ತಿನ್ನೋದು ಏನಿದೆ?" ಒಬ್ಬನ ಹಾಳೆಯಲ್ಲಿ 'ಬೆಲ್ಲ, 2 ಕೆಜಿ' ಅಂತ ಯಾವ ಕಾಲದಲ್ಲೋ ಬರೆದದ್ದು ಹಾಗೇ ಉಳಿದಿತ್ತು. ಹುಡುಗ ಮೊದಲ ಸಲ ನಕ್ಕ.

ಆಮೇಲೆ ಒಂದು ಗಂಟೆ ನಾವು ಒಂದು ಹಳ್ಳ ದಾಟಿದೆವು. ಅಷ್ಟೇ ಆದದ್ದು. ಹಿರಿಯ ಹೆಣ್ಣಾನೆ ಆಚೆ ದಡದಲ್ಲಿ, ಮರಿ ನೀರಲ್ಲಿ. ಮೊದಲು ಕಿವಿ ಅಗಲಿಸಿ, ಘೀಳಿಟ್ಟು, ನಾಲ್ಕು ಹೆಜ್ಜೆ ಓಡಿಬಂದು ನಿಂತಿತು. "ಇದು ಹೆದರ್ಸೋದು, ಓಡಬೇಡಿ" ಅಂದ. ಬೆಲ್ಲದವನು ಓಡಿದ. ಆಗ ಆನೆ ಕಿವಿ ಹಿಂದಕ್ಕೆ ಒತ್ತಿಕೊಂಡು, ಸೊಂಡಿಲು ಒಳಕ್ಕೆ ಸುರುಳಿ ಸುತ್ತಿ, ಸದ್ದೇ ಇಲ್ಲದೆ ಹೊರಟಿತು. "ಇದು ನಿಜದ್ದು." ಅವನ ದನಿ ಎಷ್ಟು ಮೆಲ್ಲಗಿತ್ತು ಅಂದರೆ ಅಡಿಗೆಮನೆಯಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕೊನೆಗೆ ಬೆಲ್ಲದ ಚೀಲ ಎಸೆದು, ಗಾಳಿಗೆ ಅಡ್ಡ ಸರಿದು, ಕೆಸರಲ್ಲಿ ಮುಕ್ಕಾಲು ಗಂಟೆ ಮಲಗಿ ಪಾರಾದೆವು. ಯಾರೂ ಕತ್ತಿ ಎತ್ತಲಿಲ್ಲ. ಆನೆ ಮರಿಯನ್ನು ಕರೆದುಕೊಂಡು ಹೋಯಿತು, 76ಕ್ಕೆ 76 ಹಾಗೇ ಇಟ್ಟುಕೊಂಡು. ಹೊಡೆಯೋಕೆ ಬರ್ತೀನಿ ಅಂದಿದ್ದ ಗೆಳೆಯ ಹೊರಡುವಾಗ "ಮೈ ನಡುಗ್ತಿದೆ ಮಾರಾಯ" ಅಂದ.

ಆಮೇಲೆ ಹುಡುಗ ಪುಸ್ತಕ ತಿರುವಿ ಹಾಕುತ್ತಾ ಡ್ರ್ಯಾಗನ್ ಚಿತ್ರ ನೋಡುತ್ತಿದ್ದ. ನಾನು ತೇಜಸ್ವಿಯವರ ಕರ್ವಾಲೋ ಕೈಗಿಟ್ಟೆ. 1980ರ ಪುಸ್ತಕ, ನಿಮಗೆಲ್ಲ ಗೊತ್ತಿರುವುದೇ. ಒಂದು ಹಾರುವ ಓತಿಗೋಸ್ಕರ ಅಷ್ಟು ಜನ ಕಾಡು ಸುತ್ತುತ್ತಾರೆ. ಅದು ಯಾರನ್ನೂ ಕಚ್ಚಲ್ಲ, ಬೆಂಕಿ ಉಗುಳಲ್ಲ, ಕೊನೆಗೆ ಕೈಗೂ ಸಿಗಲ್ಲ. ಹಾಗಿದ್ದೂ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಪ್ರಾಣಿ ನನಗೆ ಗೊತ್ತಿಲ್ಲ. ಪಶ್ಚಿಮ ಘಟ್ಟದಲ್ಲಿ ಇವತ್ತಿಗೂ ಇರುವ ಆ ಹಾರುವ ಓತಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಏನು ಹೇಳಿ? ಡ್ರಾಕೋ. ಅಂದರೆ ಡ್ರ್ಯಾಗನ್! ಇರುವೆ ತಿಂದುಕೊಂಡಿರುವ ಗೇಣುದ್ದದ ಡ್ರ್ಯಾಗನ್ನು.

ಅದನ್ನು ಹೇಳಿದೆ. "ಅದಾ? ನಮ್ಮ ತೋಟದಲ್ಲೇ ಇದೆಯಲ್ಲ ಮಾಮ, ಅಡಿಕೆ ಮರದಲ್ಲಿ" ಅಂದ.

ಅದಕ್ಕೆ ಎಷ್ಟು ಪಾಯಿಂಟು ಬರೆಯಲಿ, ಹೇಳಿ?

ಕೊನೆಗೊಂದು ಕೊಸರು: 2014ರ ಈ ಆಟದ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ. ಹುಲಿ, ಆನೆಯ ಅಂಕಗಳೂ ಅದರಲ್ಲಿವೆ. ಅಂದರೆ ಯಾರು ಬೇಕಾದರೂ, ಮೂಲದ ಹೆಸರು ಹೇಳಿ, ಕನ್ನಡಕ್ಕೂ ತರಬಹುದು. ಅಂಕಗಳ ಪಕ್ಕ ಸ್ವಭಾವ ಬರೆಯುವ ಕೆಲಸ ನಮ್ಮದು. ನಿಮ್ಮೂರಿನ ಹಂದಿ, ಮುಳ್ಳುಹಂದಿ, ಕಾಟಿ, ಕರಡಿ, ಮೊಸಳೆ ಹೇಗಿರುತ್ತವೆ, ಯಾವಾಗ ಹೆದರಿಸುತ್ತವೆ, ಯಾವಾಗ ಸುಮ್ಮನೆ ಹೋಗುತ್ತವೆ? ನೋಡಿದವರು ಕಾಮೆಂಟಿನಲ್ಲಿ ಬರೀರಿ. ಕೇಳಿದ್ದಲ್ಲ, ನೋಡಿದ್ದು.